ಬೋರ್ಡಿಲ್ಲದ ರೇಡಿಯೇಟರ್ ಅಂಗಡಿಗೆ ನಾಲ್ಕೂವರೆ ಸ್ಟಾರ್

ಅರ್ಧ ಸ್ಟಾರ್ ಯಾಕೆ ಕಡಿಮೆ ಅಂತ ಮೊದಲೇ ಹೇಳಿಬಿಡುತ್ತೇನೆ. ರಿಪೇರಿ ಮಾಡಿ ಬುಧವಾರ ಕೊಡ್ತೀನಿ ಅಂದ ನನ್ನ ಕಾರಿನ ರೇಡಿಯೇಟರ್ (ಎಂಜಿನ್ನಿನ ಬಿಸಿನೀರನ್ನು ತಣ್ಣಗೆ ಮಾಡುವ ಭಾಗ) ಕೈಗೆ ಬಂದಿದ್ದು ಶನಿವಾರ. ನಡುವೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಆಗೋಯ್ತು ಮೇಡಂ, ಬಣ್ಣ ಒಣಗ್ತಾ ಇದೆ" ಅಂದರು. ಶನಿವಾರ ಹೋಗಿ ನೋಡಿದರೆ ಬಣ್ಣ ಇನ್ನೂ ಹಚ್ಚಿರಲೇ ಇಲ್ಲ. ಇನ್ನೂ ಒಂದೆರಡು ದೂರು ಇವೆ, ಆಮೇಲೆ ಬರೆಯುತ್ತೇನೆ.

ಅಂಗಡಿ ಇರುವುದು ಬೆಂಗಳೂರಿನ ಜೆ.ಸಿ. ರೋಡಿನ ಒಂದು ಅಡ್ಡರಸ್ತೆಯಲ್ಲಿ. ಬೋರ್ಡಿಲ್ಲ. ಒಂದು ಕಾಲದಲ್ಲಿ ಇತ್ತಂತೆ, ಮಳೆಗಾಳಿಗೆ ಬಿತ್ತಂತೆ, ಮತ್ತೆ ಹಾಕಲಿಲ್ಲವಂತೆ. "ಬರೋರು ಹೆಂಗೂ ಬರ್ತಾರೆ" ಅನ್ನುವುದು ಅವರ ಲೆಕ್ಕ. ಹತ್ತಡಿ ಅಗಲದ ಜಾಗ. ಗೋಡೆ ತುಂಬ ಹಳೇ ರೇಡಿಯೇಟರ್‌ಗಳು: ಲಾರಿಯದು, ಟ್ರ್ಯಾಕ್ಟರಿನದು, ಅಂಬಾಸಡರಿನದು. ಬಾಗಿಲ ಪಕ್ಕ ಸಿಮೆಂಟಿನ ನೀರಿನ ತೊಟ್ಟಿ. ಯಜಮಾನರಿಗೆ ಎಪ್ಪತ್ತರ ಹತ್ತಿರ ಇರಬೇಕು. ಬೀದಿಯವರೆಲ್ಲ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಜೊತೆಗೆ ಅವರ ಮಗ, ಇನ್ನೊಬ್ಬ ಹುಡುಗ. ಅಷ್ಟೇ ಜನ.

ನನ್ನ ಕಾರು 1986ರ ಪ್ರೀಮಿಯರ್ ಪದ್ಮಿನಿ. ಅಪ್ಪ ಎಚ್‌ಎಂಟಿಯಲ್ಲಿದ್ದಾಗ ಬುಕ್ ಮಾಡಿ, ಕಾದು ತಗೊಂಡಿದ್ದು. ಮೂಲದಲ್ಲಿ ಅದು ಇಟಲಿಯ ಫಿಯೆಟ್ 1100. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮಾಡುತ್ತಿದ್ದರು. ಪದ್ಮಿನಿ ಅನ್ನುವ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ. ನಮ್ಮ ಮನೆಯಲ್ಲಿ ಮಾತ್ರ ಅದು ಇವತ್ತಿಗೂ 'ಫಿಯೆಟ್ಟು'. 1089 ಸಿಸಿ ಎಂಜಿನ್, ಗೇರು ಸ್ಟೀರಿಂಗ್ ಪಕ್ಕದಲ್ಲಿ. ಮುಂಬೈಯ ಕಾಳಿ-ಪೀಳಿ (ಕಪ್ಪು-ಹಳದಿ) ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು ಅಂತ ಪೇಪರಿನಲ್ಲಿ ಓದಿದ ದಿನ ಅಮ್ಮ ಹೊರಗೆ ಹೋಗಿ ನಮ್ಮದಕ್ಕೆ ಕವರ್ ಸರಿಯಾಗಿ ಹೊದಿಸಿ ಬಂದಳು.

ಅಪ್ಪ ಹೋಗಿ ಮೂರು ವರ್ಷ. ಕಾರು ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಕಾರಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಬಿಸಿ, ಒತ್ತಡ, ನೀರು ಕುದಿಯುವುದು, ಇವು ಮಾತ್ರ ಗೊತ್ತಿದ್ದವು.

ಕಾಯಿಲೆ ಹೀಗಿತ್ತು. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ ಎಪ್ಪತ್ತರಲ್ಲಿ ಹೋಗುತ್ತಿದ್ದರೆ ಇಪ್ಪತ್ತು ನಿಮಿಷದಲ್ಲಿ ಗೇಜಿನ ಮುಳ್ಳು ನೂರರ ಹತ್ತಿರ ಬರುತ್ತಿತ್ತು. (ಈ ಗೇಜು ಅಪ್ಪ ಯಾವಾಗಲೋ ಡ್ಯಾಶ್‌ಬೋರ್ಡ್ ಕೆಳಗೆ ಬೇರೆಯಾಗಿ ಹಾಕಿಸಿದ್ದು. ಡಿಗ್ರಿ ತೋರಿಸುತ್ತದೆ, ಪುಣ್ಯ.) ಗಾಬರಿಯಾಗಿ ನಿಧಾನ ಮಾಡಿದರೆ ಇಳಿಯುತ್ತಿತ್ತು. ಊರೊಳಗೆ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತರೂ ಏನೂ ಇಲ್ಲ. ಎಲ್ಲರ ಕಾರೂ ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ಕಾಯುತ್ತದೆ, ನಮ್ಮದು ಖಾಲಿ ರಸ್ತೆಯಲ್ಲಿ.

ಸಲಹೆಗೇನು ಬರ? ನಮ್ಮ ಭಾವ "ಥರ್ಮೋಸ್ಟಾಟ್ ಕಿತ್ತು ಬಿಸಾಕು, ಬೆಂಗಳೂರಿಗೆ ಅದು ಬೇಕೇ ಇಲ್ಲ" ಅಂದರು. (ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಕವಾಟ.) ಪಕ್ಕದ ಮನೆಯವರು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ ಅಂದರು. ನಮ್ಮ ಏರಿಯಾದ ಒಂದು ಗ್ಯಾರೇಜಿಗೆ ಬಿಟ್ಟೆ, ಹೆಸರು ಬೇಡ. ಅವರು ವಾಟರ್ ಪಂಪ್, ಎರಡೂ ಹೋಸು, ಬೆಲ್ಟು, ಕೂಲೆಂಟು (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ಎಲ್ಲ ಬದಲಾಯಿಸಿ 7,400 ರೂಪಾಯಿ ತಗೊಂಡರು. ವಾಪಸ್ ಬರುವಾಗ ಮುಳ್ಳು ಕೆಳಗೇ ಇತ್ತು. ಖುಷಿಯಾಯಿತು. ಮುಂದಿನ ಭಾನುವಾರ ತುಮಕೂರು ರಸ್ತೆಗೆ ಇಳಿಸಿದೆ. ಮತ್ತೆ ಅದೇ ಕಥೆ. ಈ ಸಲ ಇನ್ನೂ ಬೇಗ ಏರಿತು.

ಗ್ಯಾರೇಜಿನವರು ಯಾರೂ ಕೇಳದ ಒಂದು ಪ್ರಶ್ನೆಯನ್ನು ಚಾಚಾ ಮೊದಲು ಕೇಳಿದರು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಕಾರು ತಗೊಂಡು ಹೋಗಿದ್ದೆ. ಬಾನೆಟ್ ಎತ್ತುವ ಮೊದಲೇ ಕೇಳಿದರು:

"ಮೇಡಂ, ನಿಂತಾಗ ಕಾಯ್ತದಾ, ಓಡುವಾಗ ಕಾಯ್ತದಾ?"

"ಓಡುವಾಗ."

"ಹಂಗಾದ್ರೆ ಫ್ಯಾನಿಂದಲ್ಲ."

ಇಷ್ಟೇ. ಯೋಚನೆ ಮಾಡಿದರೆ ಎಷ್ಟು ಸರಳ ಅಲ್ವಾ? ನಿಂತಾಗ ರೇಡಿಯೇಟರಿಗೆ ಗಾಳಿ ಎಳೆಯುವುದು ಫ್ಯಾನ್ ಒಂದೇ. ಬೆಲ್ಟು ಸಡಿಲವಾಗಿದ್ದರೆ, ಫ್ಯಾನು ಹಿಂದುಮುಂದಾಗಿ ಕೂತಿದ್ದರೆ, ಟ್ರಾಫಿಕ್ಕಿನಲ್ಲೇ ಗೊತ್ತಾಗುತ್ತದೆ. ಎಪ್ಪತ್ತರಲ್ಲಿ ಹೋಗುವಾಗ ಗಾಳಿ ತಾನಾಗಿಯೇ ನುಗ್ಗುತ್ತದೆ, ಫ್ಯಾನ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಆಗಲೂ ಕಾಯುತ್ತಿದೆ ಅಂದರೆ ಗಾಳಿಗೆ ಕೊರತೆಯಿಲ್ಲ, ನೀರು ಓಡುತ್ತಿಲ್ಲ. ಇದನ್ನು ನಾನೇ ಯೋಚಿಸಬೇಕಿತ್ತು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವುದೇ ಇದನ್ನು.

ಬಾನೆಟ್ ಎತ್ತಿದರು. ನಾನು ರೇಡಿಯೇಟರ್ ಮುಚ್ಚಳದ ಕಡೆ ಕೈ ಹಾಕಿದೆ. ಚಾಚಾ ಕೈಯಿಂದ ಒಂದು ಸಣ್ಣ ಏಟು ಕೊಟ್ಟರು, ನಿಜವಾಗಿಯೂ. "ಬಿಸಿ ಇದ್ದಾಗ ಮುಟ್ಟಬಾರದು." ಅಪ್ಪನ ಬಲಗೈ ಮಣಿಕಟ್ಟಿನ ಮೇಲೆ ಒಂದು ನುಣುಪಾದ ಗುಲಾಬಿ ಕಲೆ ಇತ್ತು. ಶಿರಾಡಿ ಘಾಟಿಯಲ್ಲಿ ಯಾವತ್ತೋ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದದ್ದರ ಗುರುತು. ನನಗೆ ಆ ಕಲೆಯೂ ಗೊತ್ತು, ಅದರ ಕಾರಣವೂ ಗೊತ್ತು: ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಸುಮ್ಮನಿರುತ್ತದೆ. ಮುಚ್ಚಳ ತೆಗೆದು ಒತ್ತಡ ಬಿಟ್ಟ ಕ್ಷಣ ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತದೆ. ಎಲ್ಲ ಗೊತ್ತಿದ್ದೂ ಕೈ ಹೋಯಿತು ನೋಡಿ.

ತಣ್ಣಗಾಗುವ ಮೊದಲು ಚಾಚಾ ಎರಡು ಕೆಲಸ ಮಾಡಿದರು. ಒಂದು, ಎಂಜಿನ್ ಆಫ್ ಮಾಡಿಸಿ, ಅಂಗೈಯ ಹಿಂಭಾಗವನ್ನು ರೇಡಿಯೇಟರಿನ ಮೇಲೆ ನಿಧಾನವಾಗಿ ಸರಿಸಿಕೊಂಡು ಹೋದರು. ಅಮ್ಮ ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ. ಬಲಗಡೆ ಕೆಳಗಿನ ಮೂಲೆಗೆ ಬಂದಾಗ ಕೈ ನಿಂತಿತು. "ಇಲ್ಲಿ ತಣ್ಣಗಿದೆ. ನೀವೂ ನೋಡಿ."

ನನ್ನ ಬ್ಯಾಗಿನಲ್ಲಿ ಟೆಂಪರೇಚರ್ ಗನ್ ಇತ್ತು. ಇದರ ಬಗ್ಗೆಯೂ ಎರಡು ಮಾತು ಬರೆಯಬೇಕು, ಯಾಕೆಂದರೆ ತುಂಬ ಜನ ತಪ್ಪು ಮಾಡುತ್ತಾರೆ, ನಾನೂ ಮಾಡಿದೆ. ಮೊದಲು ಕೋವಿಡ್ ಸಮಯದಲ್ಲಿ ಸ್ಕೂಲ್ ಗೇಟಿನಲ್ಲಿ ಮಕ್ಕಳ ಹಣೆಗೆ ಹಿಡಿಯುತ್ತಿದ್ದ ಗನ್ನನ್ನೇ ತಂದು ಹಿಡಿದೆ. ಅದು 'ಹೈ' ಅಂತ ತೋರಿಸಿ ಸುಮ್ಮನಾಯಿತು. ಅದು ಮನುಷ್ಯರ ಜ್ವರಕ್ಕೆ ಮಾತ್ರ. ಆಮೇಲೆ 1,100 ರೂಪಾಯಿ ಕೊಟ್ಟು ವರ್ಕ್‌ಶಾಪಿನಲ್ಲಿ ಬಳಸುವಂಥದ್ದನ್ನು ಆನ್‌ಲೈನಿನಲ್ಲಿ ತರಿಸಿದೆ. ಅದರ ಕೆಂಪು ಚುಕ್ಕಿ ಎಲ್ಲಿ ಬೀಳುತ್ತದೋ ಅಲ್ಲಿ ಮಾತ್ರ ಅಳೆಯುತ್ತದೆ ಅಂದುಕೊಳ್ಳಬೇಡಿ. ನನ್ನದು ಒಂದಡಿ ದೂರದಿಂದ ಹಿಡಿದರೆ ಒಂದು ಇಂಚಿನಷ್ಟು ಜಾಗದ ಬಿಸಿಯನ್ನು ಸರಾಸರಿ ಮಾಡುತ್ತದೆ. ದೂರ ಹೋದಷ್ಟೂ ಆ ಜಾಗ ದೊಡ್ಡದಾಗುತ್ತದೆ. ಇನ್ನೊಂದು, ಹೊಳೆಯುವ ಲೋಹಕ್ಕೆ ಹಿಡಿದರೆ ಸುಳ್ಳು ಹೇಳುತ್ತದೆ. ನಮ್ಮ ಎಂಜಿನ್ನಿನ ಅಲ್ಯೂಮಿನಿಯಂ ಭಾಗಕ್ಕೆ ಹಿಡಿದಾಗ 52 ತೋರಿಸಿತು, ಮುಟ್ಟಿದರೆ ಕೈ ಸುಡುತ್ತಿತ್ತು. ಅದೇ ಜಾಗಕ್ಕೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿದೆ. 84. ಟೇಪಿನ ಉಪಾಯ ಗೊತ್ತಿಲ್ಲದಿದ್ದರೆ ಈ ಗನ್ ಆಟದ ಸಾಮಾನು.

ರೇಡಿಯೇಟರ್ ಕಪ್ಪಗೇ ಇರುವುದರಿಂದ ಅಲ್ಲಿ ಟೇಪ್ ಬೇಕಿಲ್ಲ. ಮೇಲೆ ಎಡಕ್ಕೆ 81, ನಡುವೆ 72, ಚಾಚಾ ಕೈ ನಿಂತ ಮೂಲೆಯಲ್ಲಿ 43. ಅವರ ಕೈಗೂ ನನ್ನ 1,100 ರೂಪಾಯಿಗೂ ಒಂದೇ ಉತ್ತರ. ಎಲ್ಲಿ ತಣ್ಣಗಿದೆಯೋ ಅಲ್ಲಿಗೆ ಬಿಸಿನೀರು ಹೋಗುತ್ತಿಲ್ಲ. ಟ್ಯೂಬುಗಳು ಕಟ್ಟಿವೆ.

ಎರಡನೇ ಕೆಲಸ ಇನ್ನೂ ಚೆನ್ನಾಗಿತ್ತು. ಎಂಜಿನ್ ಸ್ಟಾರ್ಟ್ ಮಾಡಿಸಿ, ಆಕ್ಸಿಲರೇಟರ್ ಒತ್ತಲು ಮಗನಿಗೆ ಹೇಳಿ, ನನ್ನನ್ನು ಪಕ್ಕಕ್ಕೆ ಕರೆದು ಕೆಳಗಿನ ಹೋಸು ತೋರಿಸಿದರು. ಎಂಜಿನ್ ಸುಮ್ಮನೆ ಓಡುವಾಗ ಹೋಸು ದುಂಡಗಿತ್ತು. ರೇಸ್ ಮಾಡಿದ ಹಾಗೆ ಅದು ಮಧ್ಯದಲ್ಲಿ ಚಪ್ಪಟೆಯಾಯಿತು. ಬಿಟ್ಟರೆ ಮತ್ತೆ ದುಂಡಗೆ. ಒತ್ತಿದರೆ ಚಪ್ಪಟೆ. ಹೊಚ್ಚ ಹೊಸ ಹೋಸು ಅದು, ಗ್ಯಾರೇಜಿನವರು ಹಾಕಿದ್ದು.

ಎಳನೀರಿನಲ್ಲಿ ಗಂಜಿ ಸ್ಟ್ರಾಗೆ ಸಿಕ್ಕಿಕೊಂಡಾಗ ಜೋರಾಗಿ ಹೀರಿದರೆ ಸ್ಟ್ರಾ ಚಪ್ಪಟೆಯಾಗುತ್ತದಲ್ಲ, ಅದೇ ಇದು. ಪಂಪ್ ಕೆಳಗಿನ ಹೋಸಿನಿಂದ ನೀರು ಹೀರುತ್ತದೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಕೇಳಿದಷ್ಟು ಬೇಗ ನೀರು ಬಿಡುವುದಿಲ್ಲ. ಹೋಸಿನೊಳಗೆ ಒತ್ತಡ ಕಡಿಮೆಯಾಗುತ್ತದೆ, ರಬ್ಬರ್ ಮೆತ್ತಗಿದ್ದರೆ ಒಳಕ್ಕೆ ಕುಸಿಯುತ್ತದೆ, ಬರುತ್ತಿದ್ದ ಸ್ವಲ್ಪ ನೀರೂ ನಿಲ್ಲುತ್ತದೆ. ಹಳೇ ಹೋಸಿನೊಳಗೆ ಒಂದು ಸ್ಪ್ರಿಂಗ್ ಇತ್ತಂತೆ, ಹೀಗೆ ಕುಸಿಯದಿರಲಿ ಅಂತಲೇ. ಹೊಸದು ಹಾಕುವಾಗ ಆ ಸ್ಪ್ರಿಂಗನ್ನು ಹಳೇ ಹೋಸಿನ ಜೊತೆಗೇ ಬಿಸಾಡಿದ್ದರು. ರಿಪೇರಿ ಆದಮೇಲೆ ಯಾಕೆ ಇನ್ನೂ ಬೇಗ ಕಾಯುತ್ತಿತ್ತು ಅನ್ನುವುದು ಅಲ್ಲಿಗೆ ಗೊತ್ತಾಯಿತು. ಟ್ರಾಫಿಕ್ಕಿನಲ್ಲಿ ಯಾಕೆ ಕಾಯುತ್ತಿರಲಿಲ್ಲ ಅನ್ನುವುದೂ. ನಿಧಾನಕ್ಕೆ ತಿರುಗುವ ಪಂಪು ಅಷ್ಟು ಜೋರಾಗಿ ಹೀರುವುದಿಲ್ಲ.

ಆಮೇಲೆ ಟೀ ತರಿಸಿದರು. ಮುಕ್ಕಾಲು ಗಂಟೆ ಕಾದೆವು. ಬೇರೆ ಯಾವ ಅಂಗಡಿಯಲ್ಲಿ ಎಂಜಿನ್ ತಣ್ಣಗಾಗಲಿ ಅಂತ ಗಿರಾಕಿಯನ್ನು ಕೂರಿಸಿ ಟೀ ಕುಡಿಸುತ್ತಾರೆ? ತಣ್ಣಗಾದ ಮೇಲೆ ಬಟ್ಟೆ ಹಿಡಿದು ಮುಚ್ಚಳ ತೆಗೆದರು. ನೀರಿನ ಮೇಲೆ ಎಣ್ಣೆ ಇದೆಯಾ ನೋಡಿದರು, ಇರಲಿಲ್ಲ. ಆಯಿಲ್ ಹಾಕುವ ಕಡೆ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಅಂಟಿದೆಯಾ ನೋಡಿದರು, ಅದೂ ಇರಲಿಲ್ಲ. ಮುಚ್ಚಳ ಹಾಕದೆ ಎಂಜಿನ್ ಸ್ಟಾರ್ಟ್ ಮಾಡಿ ನೀರಿನಲ್ಲಿ ಗುಳ್ಳೆ ಏಳುತ್ತದಾ ಅಂತ ಎರಡು ನಿಮಿಷ ಬಗ್ಗಿ ನೋಡಿದರು. ಬಿಡದೆ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲ್ಭಾಗವಾದ ಹೆಡ್ಡಿಗೂ ನಡುವಿನ ಪದರ) ಹೋಗಿದೆ, ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ಬರಲಿಲ್ಲ. ಉಸಿರು ಬಿಟ್ಟೆ. ಹೆಡ್ ಬಿಚ್ಚಬೇಕು ಅಂದಿದ್ದರೆ ನನ್ನ ಒಂದು ತಿಂಗಳ ಸಂಬಳ ಹೋಗುತ್ತಿತ್ತು.

ಕೊನೆಗೆ ಮುಚ್ಚಳವನ್ನೇ ತಿರುಗಿಸಿ ರಬ್ಬರ್ ವಾಷರನ್ನು ಉಗುರಿನಿಂದ ಒತ್ತಿದರು. ಅದು ಹಪ್ಪಳದ ಹಾಗೆ ಮುರಿಯಿತು. ಇದನ್ನು ಯಾರೂ ಬದಲಾಯಿಸಿರಲಿಲ್ಲ. ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಕ್ಷಮಿಸಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ. ಇಲ್ಲಿ ನೀರು ಕುದಿಯುವುದು ನೂರಕ್ಕಲ್ಲ, ಸುಮಾರು 97ಕ್ಕೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದುಕೊಂಡರೆ (ಅದನ್ನು ಪಿಎಸ್‌ಐ ಲೆಕ್ಕದಲ್ಲಿ ಅಳೆಯುತ್ತಾರೆ) ಒಂದೊಂದು ಪಿಎಸ್‌ಐಗೂ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲಕ್ಕೆ ಹೋಗುತ್ತದೆ. ಏಳು ಪಿಎಸ್‌ಐ ಮುಚ್ಚಳ ಅಂದರೆ ಹತ್ತು ಡಿಗ್ರಿಗೂ ಜಾಸ್ತಿ ಲಾಭ. ವಾಷರ್ ಸತ್ತಿದ್ದರೆ ಆ ಲಾಭ ಸೊನ್ನೆ, ಜೊತೆಗೆ ಹೋಸು ಇನ್ನೂ ಸುಲಭವಾಗಿ ಕುಸಿಯುತ್ತದೆ. ಹಾಗಂತ ಇನ್ನೂ ಜಾಸ್ತಿ ಒತ್ತಡದ ಮುಚ್ಚಳ ಹಾಕೋಣವೇ ಅಂತ ಕೇಳಿದೆ. ಚಾಚಾ ನಕ್ಕರು. "ನಲವತ್ತು ವರ್ಷದ ಬೆಸುಗೆ ಮೇಡಂ. ನಿಮಗೆ ರಕ್ತದೊತ್ತಡ ಜಾಸ್ತಿ ಮಾಡಿದ್ರೆ ಹೆಂಗಿರ್ತದೆ?" ಹಳೇ ಮುಚ್ಚಳದ ಮೇಲಿದ್ದ ನಂಬರಿನದ್ದೇ ಹೊಸದು ಹಾಕಿದೆವು.

"ಕಾರು ಇಲ್ಲಿ ಬಿಡಬೇಡಿ, ಟೋಯಿಂಗ್‌ನವರು ಎತ್ಕೊಂಡು ಹೋಗ್ತಾರೆ. ರೇಡಿಯೇಟರ್ ಮಾತ್ರ ತನ್ನಿ" ಅಂದರು. ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ನಾನೇ ಬಿಚ್ಚಿದೆ. ಎರಡು ಹೋಸು, ಕೆಲವು ಬೋಲ್ಟು, ಮಂಡಿ ತುಂಬ ಕೊಳೆ. ಸೋಮವಾರ ಸ್ಕೂಲು ಮುಗಿದ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆಟೊದಲ್ಲಿ ಹೋದೆ. ಆಟೊದವರು ಕನ್ನಡಿಯಲ್ಲಿ ನೋಡಿ ನೋಡಿ ಕೊನೆಗೆ "ಏನಮ್ಮಾ ಅದು, ದೇವರ ಫೋಟೋನಾ?" ಅಂದರು.

ಮೇಲಿನ ಟ್ಯಾಂಕು ಬಿಚ್ಚುವಾಗ ನಾನು ಅಲ್ಲೇ ನಿಂತಿದ್ದೆ. ಗ್ಯಾಸ್ ಟಾರ್ಚು ಹಿಡಿದು ಬೆಸುಗೆಯ ಸಾಲನ್ನು ಬಿಸಿ ಮಾಡಿದರು. ಬೂದು ಬಣ್ಣದ ಸಾಲು ಇದ್ದಕ್ಕಿದ್ದ ಹಾಗೆ ಬೆಳ್ಳಿಯ ಹಾಗೆ ಹೊಳೆದು ಹನಿಹನಿಯಾಗಿ ಉದುರಿತು. ಇಕ್ಕಳದಲ್ಲಿ ಟ್ಯಾಂಕನ್ನು ಎತ್ತಿದರು. ಒಳಗೆ ಚಪ್ಪಟೆ ಟ್ಯೂಬುಗಳ ಬಾಯಿಗಳು ಸಾಲಾಗಿ ಕಾಣಬೇಕಿತ್ತು. ಒಂದು ಬದಿಯಲ್ಲಿ ಕಂಡವು. ಇನ್ನೊಂದು ಬದಿಯಲ್ಲಿ ಬಾಯಿಗಳೇ ಇಲ್ಲ, ಕಂದುಬಿಳುಪಿನ ಗಟ್ಟಿ ಪದರ. ಬೆರಳಿನಿಂದ ಕೆರೆದು ನೋಡಿದೆ. ನಮ್ಮ ಮನೆಯ ಗೀಸರ್ ಕಾಯಿಲ್ ಮೇಲೆ ಕೂರುತ್ತದಲ್ಲ, ಅದೇ ವಸ್ತು.

"ಬೋರ್‌ವೆಲ್ ನೀರಾ?" ಅಂದರು ಚಾಚಾ.

ಹೌದು. ಮೊದಲಿನ ಮನೆಯಲ್ಲಿ ಕಾವೇರಿ ನೀರಿತ್ತು. ಬನಶಂಕರಿ ಕಡೆಗೆ ಬಂದ ಮೇಲೆ ಬೋರ್‌ವೆಲ್. ಅಪ್ಪ ಪ್ರತಿ ಭಾನುವಾರ ಬೆಳಿಗ್ಗೆ ಕಾರು ತೊಳೆದು, ಅದೇ ಪೈಪಿನಿಂದ ರೇಡಿಯೇಟರಿಗೂ ನೀರು ತುಂಬುತ್ತಿದ್ದರು. ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರು ಅಂದರೆ, ಹದಿನೈದು ವರ್ಷ ಒಂದು ವಾರವೂ ತಪ್ಪಿಸಿರಲಿಲ್ಲ. ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಬಿಸಿಯಾದಾಗ ಹೊರಗೆ ಬಂದು ಲೋಹಕ್ಕೆ ಅಂಟಿಕೊಳ್ಳುತ್ತದೆ. ಸೋರುತ್ತಿದ್ದಷ್ಟು ನೀರನ್ನು ಪ್ರತಿ ವಾರ ತುಂಬಿದರೆ ಪ್ರತಿ ವಾರ ಹೊಸ ಸುಣ್ಣ. ನಾನು ಏನೂ ಹೇಳಲಿಲ್ಲ. ಕೆರೆದ ಪುಡಿಯನ್ನು ಒಂದು ಚೀಟಿಯಲ್ಲಿ ಕಟ್ಟಿಕೊಂಡೆ. ಸ್ಕೂಲಿನ ಲ್ಯಾಬಿನಲ್ಲಿ ಆಸಿಡ್ ಹನಿ ಹಾಕಿದಾಗ ಸುಯ್ ಅಂತ ನೊರೆ ಬಂತು.

ಇಲ್ಲಿ ಚಾಚಾ ಸುಲಭವಾಗಿ ಹೊಸ ಕೋರ್ (ಎರಡು ಟ್ಯಾಂಕುಗಳ ನಡುವಿನ ಟ್ಯೂಬು, ರೆಕ್ಕೆಗಳ ಭಾಗ) ಮಾರಬಹುದಿತ್ತು. ನಾನೇ ಕೇಳಿದೆ. ತಾಮ್ರದ ಹೊಸ ಕೋರಿಗೆ 6,500 ಆಗುತ್ತದೆ, ಹಳೇ ಹಿತ್ತಾಳೆ ಟ್ಯಾಂಕುಗಳನ್ನೇ ಅದಕ್ಕೆ ಕೂರಿಸುತ್ತೇವೆ ಅಂದರು. ಅಲ್ಯೂಮಿನಿಯಂದು ಇನ್ನೂ ಅಗ್ಗ, ಆದರೆ ಅದಕ್ಕೂ ಹಿತ್ತಾಳೆಗೂ ಬೆಸುಗೆ ಕೂರುವುದಿಲ್ಲ, ಇಡೀ ರೇಡಿಯೇಟರೇ ಬೇರೆ ತರಬೇಕು, ಕೆಟ್ಟರೆ ರಿಪೇರಿಯೂ ಕಷ್ಟ. "ಮೊದಲು ಬಾಚೋಣ. ಟ್ಯೂಬು ಗಟ್ಟಿ ಇದ್ರೆ ಯಾಕೆ ಬಿಸಾಕ್ಬೇಕು?" ಬಾಚುವುದು ಅಂದರೆ ತೆಳ್ಳಗಿನ ಚಪ್ಪಟೆ ಲೋಹದ ಪಟ್ಟಿಯನ್ನು ಒಂದೊಂದೇ ಟ್ಯೂಬಿನೊಳಗೆ ಮೇಲಿನಿಂದ ಕೆಳಗಿನವರೆಗೆ ತೂರಿಸಿ ಎಳೆಯುವುದು. ಜೋರು ಮಾಡಿದರೆ ಟ್ಯೂಬು ಹರಿಯುತ್ತದೆ. ಮಗ ಒಂದು ಟ್ಯೂಬಿಗೆ ಎಷ್ಟು ಹೊತ್ತು ತಗೊಳ್ಳುತ್ತಾನೆ ಅಂತ ಗಡಿಯಾರ ನೋಡಿದೆ, ಮೂರು ನಿಮಿಷ. ಬುಧವಾರ ಯಾಕೆ ಶನಿವಾರ ಆಯಿತು ಅಂತ ಈಗ ಅರ್ಥವಾಗುತ್ತದೆ. ಆದರೂ ಫೋನಿನಲ್ಲಿ ನಿಜ ಹೇಳಬಹುದಿತ್ತು.

ಶನಿವಾರ ನಾನು ಹೋದಾಗ ತೊಟ್ಟಿ ಪರೀಕ್ಷೆ ನಡೆಯಿತು. ಟ್ಯಾಂಕನ್ನು ಮತ್ತೆ ಬೆಸೆದು, ಎರಡೂ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಗಾಳಿ ತುಂಬಿ, ಪಂಚರ್ ಅಂಗಡಿಯಲ್ಲಿ ಟ್ಯೂಬು ಮುಳುಗಿಸುವ ಹಾಗೆ ರೇಡಿಯೇಟರನ್ನು ತೊಟ್ಟಿಯಲ್ಲಿ ಮುಳುಗಿಸಿದರು. ಎರಡು ಕಡೆ ಸಣ್ಣ ಸಾಲು ಗುಳ್ಳೆ ಎದ್ದವು. ಅಪ್ಪನ ಕಾಲದಿಂದ ಸೋರುತ್ತಿದ್ದ ಜಾಗಗಳು ಇವೇ. ಆ ಎರಡು ಟ್ಯೂಬುಗಳ ಬಾಯಿ ಬೆಸುಗೆಯಿಂದ ಮುಚ್ಚಿದರು. ಮತ್ತೆ ಮುಳುಗಿಸಿದರು. ಗುಳ್ಳೆ ಇಲ್ಲ.

ಆಮೇಲೆ ಹುಡುಗ ಡಬ್ಬದಿಂದ ದಪ್ಪ ಕಪ್ಪು ಬಣ್ಣ ತೆಗೆದು ಬ್ರಷ್ಷಿನಿಂದ ಬಳಿಯಲು ಹೊರಟ. ತಡೆದೆ. ರೆಕ್ಕೆಗಳ ಮೇಲೆ ದಪ್ಪ ಬಣ್ಣ ಬಳಿದರೆ ಅದು ಕಂಬಳಿ ಹೊದಿಸಿದ ಹಾಗೆ. ತೆಳ್ಳಗೆ ಸ್ಪ್ರೇ ಮಾಡಿಸಿದೆ. ಇದು ನನ್ನ ಎರಡನೇ ದೂರು. ಮೂರನೆಯದು ಇನ್ನೂ ಗಂಭೀರ. ಆ ಹುಡುಗ ಆಸಿಡ್ ಕೆಲಸವನ್ನೂ ಬೆಸುಗೆಯನ್ನೂ ಬರಿಗೈಯಲ್ಲಿ ಮಾಡಿ, ಕೈ ತೊಳೆಯದೆ ಬನ್ ತಿನ್ನುತ್ತಿದ್ದ. ಬೆಸುಗೆಯಲ್ಲಿ ಸೀಸ ಇದೆ ಕಣಪ್ಪ ಅಂದೆ. ಹೂಂ ಅಂದ, ತಿಂದ. ಮುಂದಿನ ಸಲ ಹೋಗುವಾಗ ಒಂದು ಸೋಪು ಮತ್ತು ಕೈಗವಸು ತಗೊಂಡು ಹೋಗಿ ಚಾಚಾ ಕೈಗೇ ಕೊಟ್ಟೆ. ಹಳೇ ಕೂಲೆಂಟನ್ನು ಮೋರಿಗೆ ಚೆಲ್ಲುತ್ತಾರೆ, ಅದೂ ತಪ್ಪು. ಅದು ಸಿಹಿಯಾಗಿರುತ್ತದೆ, ಬೀದಿನಾಯಿ ನೆಕ್ಕಿದರೆ ಸಾಯುತ್ತದೆ.

ಥರ್ಮೋಸ್ಟಾಟ್ ವಿಷಯ ಮರೆತೆ. ರೇಡಿಯೇಟರ್ ಬಿಚ್ಚಿದ ಭಾನುವಾರವೇ ಅದರ ಗೂಡು ತೆಗೆದು ನೋಡಿದ್ದೆ. ಖಾಲಿ. ಭಾವನ ಸಲಹೆಯನ್ನು ಗ್ಯಾರೇಜಿನವರು ನನಗೆ ಹೇಳದೆಯೇ ಪಾಲಿಸಿದ್ದರು. ಚಾಚಾ ಹಾಕಲೇಬೇಕು ಅಂದರು. ಅದಿಲ್ಲದಿದ್ದರೆ ಎಂಜಿನ್ ಹದವಾದ ಬಿಸಿಗೆ ಬರಲು ಬಹಳ ಹೊತ್ತು ಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಅದೇ ರಸ್ತೆಯ ಸ್ಪೇರ್ಸ್ ಅಂಗಡಿಯಲ್ಲಿ ಎರಡು ತಗೊಂಡೆ, ಎರಡರ ಮೇಲೂ 82 ಅಂತ ಒತ್ತಿತ್ತು. ಮನೆಗೆ ಬಂದು ಒಲೆಯ ಮೇಲೆ ನೀರಿಟ್ಟು, ತಳಕ್ಕೆ ತಾಗದ ಹಾಗೆ ದಾರ ಕಟ್ಟಿ ಎರಡನ್ನೂ ಇಳಿಬಿಟ್ಟೆ. ಲ್ಯಾಬಿನ ಥರ್ಮಾಮೀಟರ್ ಪಕ್ಕದಲ್ಲಿ. ಅಮ್ಮ ಬಂದು ನೋಡಿ, "ಸಾರಿನ ಪಾತ್ರೆಲಿ ಕಾರಿನ ಸಾಮಾನು ಬೇಯಿಸ್ತಿದ್ದೀಯಾ?" ಅಂದಳು. ಒಂದು 83ಕ್ಕೆ ಬಾಯಿ ಬಿಡಲು ಶುರು ಮಾಡಿತು. ಇನ್ನೊಂದು 94 ಆದರೂ ಬಿಗಿಯಾಗಿ ಕೂತಿತ್ತು. ಹೊಸದು ಅಂತ ನಂಬಿ ಅದನ್ನೇ ಹಾಕಿದ್ದರೆ ಮತ್ತೆ ಎಲ್ಲವೂ ಮೊದಲಿನಿಂದ. ಅಂಗಡಿಯವರು ಮಾತಿಲ್ಲದೆ ವಾಪಸ್ ತಗೊಂಡರು. ಹಾಕುವಾಗ ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗೆ ಇರಬೇಕು. ಪಾತ್ರೆಯನ್ನು ಅಮ್ಮ ಮತ್ತೆ ಒಳಗೆ ಸೇರಿಸಲಿಲ್ಲ.

ರೇಡಿಯೇಟರ್ ಕೂರಿಸುವ ಮೊದಲು ಎಂಜಿನ್ನಿನೊಳಗೂ ಪೈಪಿಟ್ಟು ಹಿಮ್ಮುಖವಾಗಿ ನೀರು ಬಿಟ್ಟು ತೊಳೆಯಿರಿ ಅಂತ ಚಾಚಾ ಹೇಳಿ ಕಳಿಸಿದ್ದರು. ಮೊದಲ ಹತ್ತು ನಿಮಿಷ ರಾಗಿ ಅಂಬಲಿಯಂಥ ನೀರು ಬಂತು. ತಿಳಿಯಾದ ಮೇಲೆ ಒಂದು ಪಾಲು ಕೂಲೆಂಟ್, ಎರಡು ಪಾಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತುಂಬಿದೆ. ಕೆಳಗಿನ ಹೋಸು ಸ್ಪ್ರಿಂಗ್ ಇರುವಂಥದ್ದು ಹುಡುಕಿ ತಂದೆ.

ಒಂದು ವಾರದ ದಿನ ರಜೆ ಹಾಕಿ ನಂದಿ ಬೆಟ್ಟಕ್ಕೆ ಹೋದೆ. ಮುಂದಿನ ಸೀಟಿನಲ್ಲಿ ಅಮ್ಮ, ಹಿಂದಿನ ಸೀಟಿನಲ್ಲಿ ಎರಡು ಕ್ಯಾನ್ ನೀರು. ಹೆದ್ದಾರಿಯಲ್ಲಿ ಎಪ್ಪತ್ತರಲ್ಲಿ ಮುಳ್ಳು 84ರಲ್ಲಿ ಅಂಟಿಕೊಂಡಿತು. ಬೆಟ್ಟ ಹತ್ತುವಾಗ ಎರಡನೇ ಗೇರಿನಲ್ಲಿ ತಿರುವಿನ ಮೇಲೆ ತಿರುವು. ಮೇಲೆ ಹೋದಾಗ 95 ಇತ್ತು. ನಂದಿ ಬೆಟ್ಟ 1,478 ಮೀಟರ್. ಅಲ್ಲಿ ಬರಿ ನೀರು ಸುಮಾರು 95ಕ್ಕೇ ಕುದಿಯುತ್ತದೆ. ಕೂಲೆಂಟೂ ಹೊಸ ಮುಚ್ಚಳವೂ ಇದ್ದದ್ದರಿಂದ ಒಂದು ಹನಿಯೂ ಆಚೆ ಬರಲಿಲ್ಲ. ಆದರೂ 95 ಸ್ವಲ್ಪ ಜಾಸ್ತಿ ಅನ್ನಿಸಿತು.

ಚಾಚಾಗೆ ಫೋನ್ ಮಾಡಿದೆ. ಎಂಜಿನ್ ಆನ್ ಮಾಡಿ ಸೈಲೆನ್ಸರ್ ಹತ್ತಿರ ಫೋನ್ ಹಿಡಿಯಲು ಹೇಳಿದರು. ಹಿಡಿದೆ. "ಟೈಮಿಂಗ್ ಹಿಂದೆ ಇದ್ದಂಗದೆ. ಅದು ನನ್ನ ಕೆಲಸ ಅಲ್ಲ" ಅಂದರು. ಅದೇ ಬೀದಿಯಲ್ಲಿ ಟ್ಯೂನಿಂಗ್ ಮಾಡುವ ಇನ್ನೊಬ್ಬರ ಹೆಸರು ಕೊಟ್ಟರು. ಟೈಮಿಂಗ್ ಹಿಂದೆ ಅಂದರೆ ಸಿಲಿಂಡರಿನಲ್ಲಿ ಕಿಡಿ ತಡವಾಗಿ ಹತ್ತುವುದು. ಹಾಗಾದರೆ ಉರಿ ಎಕ್ಸಾಸ್ಟಿನವರೆಗೂ ಎಳೆಯುತ್ತದೆ, ಹೆಡ್ಡು ಸುಮ್ನೆ ಕಾಯುತ್ತದೆ. ಆ ಟ್ಯೂನಿಂಗಿನವರು ಟೈಮಿಂಗ್ ಲೈಟ್ ಹಿಡಿದು ನೋಡಿದಾಗ ನಿಜಕ್ಕೂ ಹಿಂದೆ ಇತ್ತು. 300 ರೂಪಾಯಿ. ಎರಡನೇ ಸಲ ಬೆಟ್ಟ ಹತ್ತಿದಾಗ 90.

ಚಾಚಾ ತಗೊಂಡಿದ್ದು ಬಾಚಿದ್ದಕ್ಕೂ ಬೆಸುಗೆಗೂ ಸೇರಿ 2,200. ಮುಚ್ಚಳ, ಹೋಸು, ಥರ್ಮೋಸ್ಟಾಟ್, ಕೂಲೆಂಟ್ ನಾನೇ ತಂದಿದ್ದು, ಅದರ ಖರ್ಚು ಬೇರೆ. ಬಿಲ್ ಕೊಡುವುದಿಲ್ಲ. ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂಭಾಗದಲ್ಲಿ ಬರೆದುಕೊಡುತ್ತಾರೆ.

ಹೋಗುವವರಿಗೆ: ಟೌನ್ ಹಾಲ್ ಕಡೆ ಎಲ್ಲಾದರೂ ಗಾಡಿ ನಿಲ್ಲಿಸಿ ನಡೆದು ಬನ್ನಿ. ಅಡ್ಡರಸ್ತೆಯಲ್ಲಿ ನೀರಿನ ತೊಟ್ಟಿ ಕಂಡರೆ ಅದೇ ಅಂಗಡಿ. ಬೆಳಿಗ್ಗೆ ಹನ್ನೊಂದರೊಳಗೆ ಹೋದರೆ ಚಾಚಾ ಸಿಗುತ್ತಾರೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ, ಭಾನುವಾರ ಪೂರ್ತಿ ರಜೆ. ಕಾರನ್ನೇ ತೋರಿಸಬೇಕಾದರೆ ಎಂಜಿನ್ ಬಿಸಿಯಾಗಿರುವಾಗಲೇ ಹೋಗಿ, ಮುಚ್ಚಳ ಮಾತ್ರ ಮುಟ್ಟಬೇಡಿ. ಬುಧವಾರ ಅಂದರೆ ಶನಿವಾರ ಅಂತ ಬರೆದಿಟ್ಟುಕೊಳ್ಳಿ.